ಕೆಲಸ ಮೆಚ್ಚಿದ ಗ್ರಾಹಕರು ಪಕ್ಕದ ಮನೆಯವರಿಗೂ ನಮ್ಮ ಹೆಸರು ಹೇಳುವಂತೆ ಮಾಡುವುದು ಹೇಗೆ?

ಪ್ರಶ್ನೆ: ಸಂಪು–ಟ್ಯಾಂಕ್ ಸೇವೆ, ಆರ್.ಆರ್. ನಗರ

ಎಲ್ಲರಿಗೂ ನಮಸ್ಕಾರ. ರಾಜರಾಜೇಶ್ವರಿನಗರ, ಕೆಂಗೇರಿ ಉಪನಗರ ಮತ್ತು ನಾಗರಭಾವಿಯ ಸುತ್ತಮುತ್ತ ಮನೆಗಳ ಸಂಪು ಹಾಗೂ ಓವರ್‌ಹೆಡ್ ಟ್ಯಾಂಕ್ ತೊಳೆದುಕೊಡುವ ಸಣ್ಣ ಉದ್ಯಮವನ್ನು ನಾನು ಮತ್ತು ನನ್ನ ಭಾವಮೈದ ನಡೆಸುತ್ತಿದ್ದೇವೆ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಪ್ರೆಶರ್ ಜೆಟ್ ಯಂತ್ರ, ಕೆಸರು ಎತ್ತುವ ಪಂಪ್, ಒಂದು ಹಳೆಯ ಓಮ್ನಿ, ಇಷ್ಟೇ ನಮ್ಮ ಬಂಡವಾಳ. ಮನೆಸೇವೆಯ ಆ್ಯಪ್‌ಗಳ ಮೂಲಕ ಬರುವ ಕೆಲಸದಲ್ಲಿ ಅವರ ಪಾಲು ಕಳೆದರೆ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ, ಕರಪತ್ರ ಹಂಚಿದರೆ ಅದು ಗೇಟಿನಿಂದ ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಇರುವ ಗ್ರಾಹಕರ ಬಾಯಿಮಾತಿನಿಂದಲೇ ಹೊಸ ಮನೆಗಳು ದೊರೆಯಲಿ ಎಂಬುದು ನಮ್ಮ ಅಪೇಕ್ಷೆ.

ಇದಕ್ಕಾಗಿ ಬಿಲ್ಲಿನ ಹಿಂಭಾಗದಲ್ಲಿ ‘ಹೊಸ ಗ್ರಾಹಕರನ್ನು ಪರಿಚಯಿಸಿದವರಿಗೆ ₹200’ ಎಂದು ಮುದ್ರಿಸಿದೆವು. ಕೆಲಸ ಮುಗಿದಾಗ ಜನ ಮನಸಾರೆ ಮೆಚ್ಚುತ್ತಾರೆ, ಹುಡುಗರಿಗೆ ಕಾಫಿ ಕೊಟ್ಟು ಕಳುಹಿಸುತ್ತಾರೆ, ಆರು ತಿಂಗಳ ಬಳಿಕ ತಾವಾಗಿಯೇ ಮತ್ತೆ ಕರೆಯುವವರೂ ಇದ್ದಾರೆ. ಆದರೆ ಆ ₹200 ಕೇಳಿಕೊಂಡು ಬಂದವರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಸಂಪು ಮತ್ತು ಟ್ಯಾಂಕ್ ಎರಡಕ್ಕೂ ಸೇರಿ ನಾವು ಪಡೆಯುವುದು ಸಾಮಾನ್ಯವಾಗಿ ₹1,500ರ ಆಸುಪಾಸು. ಬಹುಮಾನದ ಮೊತ್ತವನ್ನು ₹300ಕ್ಕೋ ₹400ಕ್ಕೋ ಏರಿಸಿದರೆ ಪ್ರಯೋಜನವಾದೀತೇ? ಅಪಾರ್ಟ್‌ಮೆಂಟ್‌ಗಳ ಸೆಕ್ಯುರಿಟಿಯವರಿಗೆ ಕಮಿಷನ್ ಕೊಡುವುದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಗೆದ್ದಲು–ಜಿರಳೆ ನಿಯಂತ್ರಣ, ಬನಶಂಕರಿ

ನಮಸ್ಕಾರ ಸರ್. ಮೊತ್ತವನ್ನು ಏರಿಸಬೇಡಿ, ತೊಂದರೆ ಅಲ್ಲಿಲ್ಲ. ನಮ್ಮ ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷದಿಂದ ಅಕ್ಕಪಕ್ಕದಲ್ಲಿ ಬಾಳುತ್ತಿರುವವರು, ಎದುರುಮನೆಯವರಿಗೆ ಒಂದು ಒಳ್ಳೆಯ ಮಾತು ಹೇಳಿದ್ದಕ್ಕೆ ದುಡ್ಡು ತೆಗೆದುಕೊಂಡರೆಂದು ನಾಳೆ ಗೊತ್ತಾದರೆ ತಮ್ಮನ್ನು ದಲ್ಲಾಳಿಯಂತೆ ಕಂಡಾರು ಎಂದು ಸಂಕೋಚಪಡುತ್ತಾರೆ. ಬಹುಮಾನ ದೊಡ್ಡದಾದಷ್ಟೂ ಆ ಸಂಕೋಚವೂ ದೊಡ್ಡದಾಗುತ್ತದೆ. ಅದೇ ₹200ನ್ನು ಹೊಸಬರ ಬಿಲ್ಲಿನಲ್ಲಿ ಕಡಿಮೆ ಮಾಡಿ ನೋಡಿ. ಆಗ ನಿಮ್ಮ ಗ್ರಾಹಕರು ‘ನನ್ನ ಹೆಸರು ಹೇಳಿ, ಇನ್ನೂರು ರೂಪಾಯಿ ಬಿಡುತ್ತಾರೆ’ ಎಂದು ಹೇಳಬಹುದು. ಅದು ಉಪಕಾರ ಮಾಡಿದಂತಾಗುತ್ತದೆ, ಹೇಳುವವರಿಗೂ ಒಂದು ತೂಕ ಬರುತ್ತದೆ.

ಇದು ನನ್ನೊಬ್ಬನ ಊಹೆಯಲ್ಲ. ಗ್ರಾಹಕರ ಶಿಫಾರಸಿನ ಬಹುಮಾನಗಳ ಬಗ್ಗೆ ರ್‍ಯು ಮತ್ತು ಫೀಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೇಳುವವರಿಗೂ ಕೇಳುವವರಿಗೂ ಹೆಚ್ಚಿನ ಒಡನಾಟವಿಲ್ಲದಿದ್ದಾಗ ಅಥವಾ ಉದ್ಯಮದ ಹೆಸರು ಇನ್ನೂ ಗಟ್ಟಿಯಾಗಿಲ್ಲದಿದ್ದಾಗ ಹೇಳುವವರಿಗೆ ಬಹುಮಾನ ಕೊಡುವುದು ಮುಖ್ಯವಾಗುತ್ತದೆ. ಆತ್ಮೀಯರ ನಡುವೆ ಬಹುಮಾನದ ಒಂದು ಪಾಲಾದರೂ ಹೊಸಬರಿಗೆ ಹೋದರೆ ಹೆಚ್ಚು ಫಲ ದೊರೆಯುತ್ತದೆ. ನಿಮ್ಮ ಗ್ರಾಹಕರು ಹೇಳಬೇಕಾಗಿರುವುದು ನೆರೆಹೊರೆಯವರಿಗೆ ಮತ್ತು ನೆಂಟರಿಗೆ, ಆದ್ದರಿಂದ ಎರಡನೆಯ ಮಾತೇ ನಿಮಗೆ ಅನ್ವಯಿಸುತ್ತದೆ. ಜರ್ಮನಿಯ ಒಂದು ಬ್ಯಾಂಕಿನ ಸುಮಾರು 10,000 ಗ್ರಾಹಕರನ್ನು ಹೆಚ್ಚುಕಡಿಮೆ ಮೂರು ವರ್ಷ ಗಮನಿಸಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪರಿಚಿತರ ಮೂಲಕ ಬಂದ ಗ್ರಾಹಕರಿಂದ ಬ್ಯಾಂಕಿಗೆ ದೊರೆತ ಮೌಲ್ಯವು ಉಳಿದವರಿಗಿಂತ ಕನಿಷ್ಠ ಶೇ. 16ರಷ್ಟು ಹೆಚ್ಚಾಗಿತ್ತು, ಬಿಟ್ಟುಹೋಗುವವರ ಪ್ರಮಾಣವೂ ಅವರಲ್ಲಿ ಕಡಿಮೆಯಿತ್ತು. ಬ್ಯಾಂಕೇ ಬೇರೆ, ಸಂಪೇ ಬೇರೆ ಎಂಬುದು ನಿಜ. ಆದರೂ ಹೊಸಬರಿಗೆ ಬಿಡುವ ₹200 ನಷ್ಟವಲ್ಲ ಎಂಬ ಧೈರ್ಯಕ್ಕೆ ಇದು ಸಾಕು.

ನಿಮ್ಮ ಕೆಲಸಕ್ಕೆ ಇನ್ನೊಂದು ವಿಶೇಷ ತೊಡಕಿದೆ. ಮನೆಗೆ ಬಣ್ಣ ಬಳಿದವನ ಕೆಲಸವನ್ನು ಬೀದಿಯವರೆಲ್ಲ ನೋಡುತ್ತಾರೆ. ನೀವು ತೊಳೆದ ಸಂಪಿನ ಮುಚ್ಚಳ ಹಾಕಿದ ಮೇಲೆ ಮನೆಯವರೇ ಅದನ್ನು ನೋಡುವುದಿಲ್ಲ. ತೊಳೆಯುವ ಮೊದಲು ತಳದಲ್ಲಿದ್ದ ಕೆಸರಿನ ಒಂದು ಫೋಟೊ, ತೊಳೆದ ಬಳಿಕ ಅದೇ ಕೋನದಿಂದ ಇನ್ನೊಂದು, ಎರಡನ್ನೂ ಹುಡುಗರು ಹೊರಡುವ ಮೊದಲೇ ಗ್ರಾಹಕರ ವಾಟ್ಸ್‌ಆ್ಯಪ್‌ಗೆ ಕಳುಹಿಸಲಿ. ಮನೆಯ ಗೇಟು, ಬಾಗಿಲ ಸಂಖ್ಯೆ, ಜನರ ಮುಖ ಅದರಲ್ಲಿ ಬರಬಾರದು, ತಮ್ಮ ಮನೆಯ ಕೊಳೆಯನ್ನು ಹೆಸರು ಸಮೇತ ಊರಿಗೆ ತೋರಿಸಲು ಯಾರೂ ಒಪ್ಪುವುದಿಲ್ಲ. ಆ ಚಿತ್ರಗಳು ಬೀದಿಯ ಗುಂಪಿಗೆ ಹೋದರೆ, ಅದನ್ನು ಕಂಡವರಿಗೆ ಮೊದಲು ನೆನಪಾಗುವುದು ತಮ್ಮದೇ ಮನೆಯ ಸಂಪು.

ಉತ್ತರ: ಅಸೋಸಿಯೇಷನ್ ಕಾರ್ಯದರ್ಶಿ, ಜೆ.ಪಿ. ನಗರ

ನಾನು ಈ ವ್ಯವಹಾರದಲ್ಲಿಲ್ಲ, ಕೆಲಸ ಮಾಡಿಸಿಕೊಳ್ಳುವ ಕಡೆಯವನು. ನಮ್ಮದು ಸಣ್ಣ ಅಪಾರ್ಟ್‌ಮೆಂಟ್. ಯಾರ ಹೆಸರನ್ನಾದರೂ ನಮ್ಮ ಗುಂಪಿನಲ್ಲಿ ಸೂಚಿಸುವ ಮೊದಲು ನಾನು ಯೋಚಿಸುವುದು ಒಂದೇ: ನಾಳೆ ಕೆಲಸ ಕೆಟ್ಟರೆ ಬೈಗುಳ ಯಾರಿಗೆ? ಮೆಚ್ಚಿಕೊಂಡ ಗ್ರಾಹಕರೂ ಸುಮ್ಮನಿರಲು ಅರ್ಧ ಕಾರಣ ಈ ಭಯವೇ. ಆದ್ದರಿಂದ ಬಹುಮಾನಕ್ಕಿಂತ ಮೊದಲು ಆ ಭಯವನ್ನು ಕಡಿಮೆ ಮಾಡುವ ದಾರಿ ಹುಡುಕಬೇಕು.

ಬೆಂಗಳೂರಿನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ನೀರಿನ ಲೆಕ್ಕ. ಅನೇಕ ಬಡಾವಣೆಗಳಲ್ಲಿ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ನೀರು ಬಂದ ಮರುದಿನ ಬೆಳಿಗ್ಗೆ ಯಾರಾದರೂ ಬಂದು ತುಂಬಿದ ಸಂಪನ್ನು ಖಾಲಿ ಮಾಡಿದರೆ, ಎಷ್ಟೇ ಚೆನ್ನಾಗಿ ತೊಳೆದರೂ ಆ ಮನೆಯವರು ಅವರ ಹೆಸರನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡವೆಂದು ಜಲಮಂಡಳಿ ಆದೇಶಿಸಿದ ಮೇಲಂತೂ ಮೋರಿಗೆ ಹರಿಯುವ ನೀರನ್ನು ಕಂಡರೆ ನಮ್ಮ ಜನ ಸಿಡಿಮಿಡಿಗೊಳ್ಳುತ್ತಾರೆ. ‘ನಿಮ್ಮಲ್ಲಿ ನೀರು ಬರುವ ದಿನ ಯಾವುದು?’ ಎಂದು ಮೊದಲೇ ಕೇಳಿ, ಅದರ ಹಿಂದಿನ ದಿನ ಸಂಪು ತಳ ಕಂಡಿರುವಾಗ ಬಂದು, ಉಳಿದ ತಿಳಿನೀರನ್ನು ಗಿಡಗಳಿಗೋ ಅಂಗಳ ತೊಳೆಯಲೋ ಡ್ರಮ್ಮಿಗೆ ಹಿಡಿದುಕೊಡುವ ತಂಡ ಸಿಕ್ಕಿದರೆ, ನಾನು ಯಾರೂ ಕೇಳದಿದ್ದರೂ ಹತ್ತು ಜನರಿಗೆ ಹೇಳುತ್ತೇನೆ.

ಎರಡನೆಯದು, ಅಳೆದು ತೋರಿಸುವ ಒಂದು ಅಂಶ. ಬ್ಲೀಚಿಂಗ್ ಹಾಕಿದೆವು ಎಂದು ಎಲ್ಲರೂ ಹೇಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500:2012ರ ಪ್ರಕಾರ, ಕ್ಲೋರಿನ್ ಬೆರೆಸಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ದುಬಾರಿಯೇನಲ್ಲ. ಹೊಸ ನೀರು ತುಂಬಿದ ಮೇಲೆ ನಲ್ಲಿಯ ನೀರನ್ನು ಮನೆಯವರ ಎದುರಿನಲ್ಲೇ ಪರೀಕ್ಷಿಸಿ, ದಿನಾಂಕ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಪ್ರಮಾಣ), ಕ್ಲೋರಿನ್ ಮೂರನ್ನೂ ಒಂದು ಕಾರ್ಡಿನಲ್ಲಿ ಬರೆದುಕೊಡಿ. ಟಿಡಿಎಸ್ ತೊಳೆಯುವುದರಿಂದ ಇಳಿಯುವುದಿಲ್ಲ, ಅದು ಬೋರ್‌ವೆಲ್ಲಿನ ಗುಣ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿ. ಇಳಿಸಿಕೊಡುತ್ತೇವೆ ಎಂದು ಸುಳ್ಳು ಹೇಳಿದವರು ನಮ್ಮಲ್ಲಿಗೂ ಬಂದಿದ್ದರು, ಮತ್ತೆ ಕರೆಯಲಿಲ್ಲ. ಸಂಪಿಗೆ ಇಳಿಯುವ ಮೊದಲು ಮೋಟರಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ಕಾವಲಿರುತ್ತಾರೋ ಇಲ್ಲವೋ ಎಂಬುದನ್ನೂ ನಮ್ಮಂಥವರು ಗಮನಿಸುತ್ತೇವೆ. ಅವಘಡವಾದ ಮನೆಗೆ ಇವರನ್ನು ಸೂಚಿಸಿದವರು ನೀವೇ ಅಲ್ಲವೇ ಎಂಬ ಮಾತು ಯಾರಿಗೂ ಬೇಡ.

ಸೆಕ್ಯುರಿಟಿಯವರಿಗೆ ಕಮಿಷನ್ ಖಂಡಿತ ಬೇಡ. ಇಂದು ನಿಮ್ಮ ಕಾರ್ಡು ಹಂಚಿದವರು ನಾಳೆ ಇನ್ನಷ್ಟು ಕೊಡುವವರ ಕಾರ್ಡು ಹಂಚುತ್ತಾರೆ. ನನ್ನಂಥ ಕಾರ್ಯದರ್ಶಿಗೂ ಕೈಗೆ ಏನನ್ನೂ ಕೊಡಬೇಡಿ. ರಿಯಾಯಿತಿ ಇದ್ದರೆ ಅಸೋಸಿಯೇಷನ್ ಹೆಸರಿನ ಬಿಲ್ಲಿನಲ್ಲೇ ಕಾಣಲಿ.

ಉತ್ತರ: ಪ್ಲಂಬಿಂಗ್ ಕಂಟ್ರಾಕ್ಟರ್, ವಿಜಯನಗರ

ಕಾರ್ಯದರ್ಶಿಗಳ ಮಾತು ಅಪಾರ್ಟ್‌ಮೆಂಟ್‌ಗಳಿಗೆ ಸರಿ. ಆದರೆ ಮೂವತ್ತು–ನಲವತ್ತರ ಸೈಟಿನಲ್ಲಿ ಎರಡು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿರುವ ಮನೆಗಳ ಲೋಕವೇ ಬೇರೆ. ಅಲ್ಲಿ ನೀರಿನಲ್ಲಿ ವಾಸನೆ ಬಂದರೆ ಮೊದಲು ಗೊಣಗುವವರು ಬಾಡಿಗೆದಾರರು, ದುಡ್ಡು ಕೊಡುವವರು ಓನರ್, ಇಬ್ಬರ ನಡುವೆ ಫೋನ್ ಬರುವುದು ನಮ್ಮಂಥ ಪ್ಲಂಬರ್‌ಗೆ. ಬಾಲ್‌ವಾಲ್ವ್ ಬದಲಿಸಲು ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗಿನ ಪಾಚಿಯನ್ನು ಕಾಣುವವರೂ ನಾವೇ. ಆ ಹೊತ್ತಿನಲ್ಲಿ ‘ಇದನ್ನು ತೊಳೆಸಬೇಕು ಸಾರ್, ಇಂಥವರಿದ್ದಾರೆ’ ಎಂದು ನಾನು ಹೇಳುವ ಒಂದು ಮಾತು, ನೀವು ಮುದ್ರಿಸಿದ ಯಾವ ಬಿಲ್ಲಿಗಿಂತಲೂ ಹೆಚ್ಚು ನಡೆಯುತ್ತದೆ.

ನಮಗೂ ಕಮಿಷನ್ ಬೇಡ, ಕೆಲಸ ಕೊಡಿ. ತೊಳೆಯುವಾಗ ಸೋರುವ ವಾಲ್ವ್, ತುಕ್ಕು ಹಿಡಿದ ಪೈಪು, ಬಿರುಕು ಬಿಟ್ಟ ಸಂಪಿನ ಗೋಡೆ ನಿಮ್ಮ ಹುಡುಗರ ಕಣ್ಣಿಗೆ ಬೀಳುತ್ತವೆ. ಆ ಕೆಲಸವನ್ನು ನೀವು ನನಗೆ ತಿಳಿಸಿದರೆ, ತೊಳೆಯುವ ಕೆಲಸವನ್ನು ನಾನು ನಿಮಗೆ ತಿಳಿಸುತ್ತೇನೆ. ಕಮಿಷನ್ ಪದ್ಧತಿಯಲ್ಲಿ ಆ ಹಣ ಕೊನೆಗೆ ಗ್ರಾಹಕರ ಬಿಲ್ಲಿನ ಮೇಲೆಯೇ ಬೀಳುತ್ತದೆ ಮತ್ತು ಅದು ಅವರಿಗೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಪ್ಲಂಬರ್ ಅಲ್ಲದೆ ಮೋಟರ್ ರಿಪೇರಿಯವರು, ಹೊಸ ಮನೆ ಕಟ್ಟುವ ಮೇಸ್ತ್ರಿಗಳು ಇವರನ್ನೂ ಪರಿಚಯ ಮಾಡಿಕೊಳ್ಳಿ. ಗೃಹಪ್ರವೇಶಕ್ಕೆ ಮೊದಲು ಸಂಪಿನಲ್ಲಿ ಸಿಮೆಂಟಿನ ರಾಡಿ ಇದ್ದೇ ಇರುತ್ತದೆ, ಮತ್ತು ಗೃಹಪ್ರವೇಶಕ್ಕೆ ಬರುವ ನೆಂಟರಿಷ್ಟರಲ್ಲಿ ಮನೆ ಕಟ್ಟಿಸುತ್ತಿರುವವರು ಇನ್ನೂ ನಾಲ್ಕು ಜನ ಇರುತ್ತಾರೆ. ನೀರು ಬಿಡುವ ಜಲಮಂಡಳಿಯ ಸಿಬ್ಬಂದಿಗೆ ಮಾತ್ರ ಇಂಥ ಯಾವ ಆಸೆಯನ್ನೂ ತೋರಿಸಬೇಡಿ, ಅದು ಸರ್ಕಾರಿ ಕೆಲಸ.

ಬಾಡಿಗೆದಾರರನ್ನು ಕಡೆಗಣಿಸಬೇಡಿ ಎಂಬುದು ನನ್ನ ಕೊನೆಯ ಮಾತು. ಈ ಊರಿನಲ್ಲಿ ಅವರು ಮನೆ ಬದಲಿಸುತ್ತಲೇ ಇರುತ್ತಾರೆ, ಹೋದಲ್ಲೆಲ್ಲ ನಿಮ್ಮ ನಂಬರ್ ಹೊಸ ಓನರ್‌ಗೆ ತಲುಪುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನೀರು ಬರುವ ದಿನವನ್ನು ಕೇಳಿಯೇ ಹೋಗುವುದು ನಮ್ಮಲ್ಲಿ ರೂಢಿಯಲ್ಲಿದೆ, ಆದರೆ ಅದನ್ನು ನಮ್ಮ ವಿಶೇಷವೆಂದು ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಇನ್ನೆರಡು ಸಂದೇಹಗಳಿವೆ. ಹಳೆಯ ಗ್ರಾಹಕರೆಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಒಟ್ಟಿಗೆ ಸಂದೇಶ ಕಳುಹಿಸಬಹುದೇ? ಗೂಗಲ್‌ನಲ್ಲಿ ಒಳ್ಳೆಯ ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡಬಹುದೇ?

ಉತ್ತರ: ತೆರಿಗೆ–ಲೆಕ್ಕಪತ್ರ ಸಲಹೆ, ಮಲ್ಲೇಶ್ವರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಕೊಡಬೇಡಿ. ಹಣ ಅಥವಾ ರಿಯಾಯಿತಿಯ ಆಸೆ ತೋರಿಸಿ ಬರೆಸಿದ ಅಭಿಪ್ರಾಯಗಳನ್ನು ಗೂಗಲ್‌ನ ನಿಯಮಗಳು ನಿಷೇಧಿಸುತ್ತವೆ, ಪತ್ತೆಯಾದರೆ ತೆಗೆದುಹಾಕುತ್ತಾರೆ. ಬರೆಯಿರಿ ಎಂದು ವಿನಂತಿಸಿ ಕೊಂಡಿ ಕಳುಹಿಸುವುದಕ್ಕೆ ಅಡ್ಡಿಯಿಲ್ಲ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಕೆಲಸ ಮುಗಿದಾಗಲೇ ನಂಬರ್ ಉಳಿಸಿಕೊಳ್ಳಲು ಕೋರಿ, ಮೋಟರ್ ಸ್ವಿಚ್ಚಿನ ಪಕ್ಕದಲ್ಲಿ ತೊಳೆದ ದಿನಾಂಕವಿರುವ ಒಂದು ಸ್ಟಿಕ್ಕರ್ ಅಂಟಿಸಿ. ಸ್ನೇಹಿತರ ನಂಬರುಗಳನ್ನು ಕೊಡಿ ಎಂದು ಗ್ರಾಹಕರನ್ನು ಕೇಳುವುದು ಮಾತ್ರ ಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ವ್ಯಕ್ತಿಯ ಒಪ್ಪಿಗೆ. ಸಂದೇಶವನ್ನು ನಿಮ್ಮ ಗ್ರಾಹಕರೇ ಮುಂದಕ್ಕೆ ಕಳುಹಿಸಲಿ, ಹೊಸಬರು ತಾವಾಗಿ ಕರೆ ಮಾಡಲಿ.

ಲೆಕ್ಕದ ದೃಷ್ಟಿಯಿಂದಲೂ ನಗದು ಬಹುಮಾನಕ್ಕಿಂತ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯೇ ಮೇಲು. ಸೇವಾ ಉದ್ಯಮದ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿಯಾದ ಮೇಲೆ, ಬಿಲ್ಲಿನಲ್ಲೇ ನಮೂದಿಸಿದ ರಿಯಾಯಿತಿಯನ್ನು ಕಳೆದು ಉಳಿದ ಮೊತ್ತಕ್ಕಷ್ಟೇ ತೆರಿಗೆ ಬೀಳುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬಹುದು. ಬಿಲ್ಲು ಪುಸ್ತಕ ಸರಿಯಾಗಿದ್ದವರಿಗೆ ಉತ್ತರ ಕೊಡುವುದು ಸುಲಭ.

ಪ್ರಶ್ನೆ ಕೇಳಿದವರು

ಫೋಟೊಗಳ ಜೊತೆಗೆ ಈ ಸಂದೇಶ ಕಳುಹಿಸಬೇಕೆಂದಿದ್ದೇವೆ: ‘ನಿಮ್ಮ ಮನೆಯ ಸಂಪು ಮತ್ತು ಟ್ಯಾಂಕ್ ಇಂದು ತೊಳೆದಿದ್ದೇವೆ. ಕಾವೇರಿ ನೀರು ಬರುವ ದಿನ ನೋಡಿಕೊಂಡೇ ಬರುತ್ತೇವೆ, ಕ್ಲೋರಿನ್ ಪರೀಕ್ಷಿಸಿ ಬರೆದುಕೊಡುತ್ತೇವೆ. ನಿಮ್ಮ ಹೆಸರು ಹೇಳಿ ಕರೆದವರಿಗೆ ₹200 ರಿಯಾಯಿತಿ. ದಯವಿಟ್ಟು ಐದು ಜನರಿಗೆ ಕಳುಹಿಸಿ.’ ಇಷ್ಟು ಸಾಕೇ?

ಉತ್ತರ: ಗೆದ್ದಲು–ಜಿರಳೆ ನಿಯಂತ್ರಣ, ಬನಶಂಕರಿ

ಕೊನೆಯ ವಾಕ್ಯ ತೆಗೆದುಹಾಕಿ, ಅದನ್ನು ಓದಿದ ಕೂಡಲೇ ದೇವರ ಹೆಸರಿನ ಫಾರ್ವರ್ಡ್‌ಗಳು ನೆನಪಾಗುತ್ತವೆ. ಆ ಜಾಗದಲ್ಲಿ ಆರು ಸಾವಿರ ಲೀಟರ್ ಸಂಪಿಗೆ ಎಷ್ಟು, ಸಾವಿರ ಲೀಟರ್ ಟ್ಯಾಂಕಿಗೆ ಎಷ್ಟು ಎಂಬ ದರವನ್ನು ಬರೆಯಿರಿ. ಸಂದೇಶ ಕೈಸೇರಿದವರು ನಿಮ್ಮ ಗ್ರಾಹಕರನ್ನು ಮೊದಲು ಕೇಳುವುದೇ ‘ಎಷ್ಟು ತೆಗೆದುಕೊಂಡರು?’ ಎಂದು.