33 ಜನ ಕಮಾನು ಅಂದರು, 46 ಜನ ನೀರು ಅಂದರು. ಗೆದ್ದಿದ್ದು ಕಮಾನು!

ಮೂರನೇ ಮಹಡಿ:
ನಮ್ಮದು ರಾಜರಾಜೇಶ್ವರಿ ನಗರದ ಕಡೆ 84 ಮನೆಗಳ ಅಪಾರ್ಟ್‌ಮೆಂಟ್. ಹೋದ ಭಾನುವಾರ ಅಸೋಸಿಯೇಷನ್ ಅಧ್ಯಕ್ಷರ ಚುನಾವಣೆ ಆಯ್ತು. ಇದ್ದ ತಕರಾರು ಒಂದೇ: ಕೂಡಿಟ್ಟ ದುಡ್ಡಲ್ಲಿ ಕಾವೇರಿ ಕನೆಕ್ಷನ್ ತಗೊಳ್ಳೋದಾ, ಗೇಟಿಗೆ ಗ್ರಾನೈಟ್ ಕಮಾನು ಕಟ್ಟಿಸೋದಾ? ಕಾವೇರಿ ಪರ ಇಬ್ಬರು ನಿಂತರು, ಕಮಾನಿನ ಪರ ಒಬ್ಬರು. ಮೈಸೂರ್‌ಪಾಕ್ ಡಬ್ಬಕ್ಕೆ ತೂತು ಕೊರೆದು ಅದನ್ನೇ ಮತಪೆಟ್ಟಿಗೆ ಮಾಡಿದ್ವಿ, ಚೀಟಿಗೆಲ್ಲ ತುಪ್ಪದ ಜಿಡ್ಡು. ಎಣಿಸಿದರೆ ಕಮಾನಿಗೆ 33, ಕಾವೇರಿಯವರಿಗೆ 27 ಮತ್ತು 19. ಈಗ ಟ್ಯಾಂಕರ್ ನೀರು ಬಿಡ್ತಿರೋ ಪಕ್ಕದಲ್ಲೇ ಗ್ರಾನೈಟ್ ಇಳೀತಿದೆ. ಇದನ್ನ ಬಹುಮತ ಅಂತಾರಾ?

ಗಾಂಧಿಬಜಾರ್ ಕಾಫಿ:
ಬಹುಮತ ಅಲ್ಲ ಸಾರ್, ಎಲ್ಲರಿಗಿಂತ ಜಾಸ್ತಿ ಮತ, ಅಷ್ಟೇ. 2018ರ ವಿಧಾನಸಭೆ ನೆನಪಿಸಿಕೊಳ್ಳಿ. ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, ಸೀಟು 78. ಬಿಜೆಪಿಗೆ ಸುಮಾರು ಶೇ 36, ಸೀಟು 104. ಯಾರೂ ಮೋಸ ಮಾಡಲಿಲ್ಲ, ಲೆಕ್ಕದ ರೀತಿನೇ ಹಾಗೆ. ಆದರೂ ಒಂದು ಮಾತು: ನಿಮ್ಮ ಕಾವೇರಿಯವರಲ್ಲಿ ಒಬ್ಬರು ಹಿಂದೆ ಸರಿದಿದ್ದರೆ ಈ ರಗಳೆನೇ ಇರ್ತಿರಲಿಲ್ಲ. ಹಠ ಅವರದು, ಬೈಗುಳ ಪದ್ಧತಿಗೆ!

ನಿವೃತ್ತ ಮೇಷ್ಟ್ರು:
ನಾನು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಚುನಾವಣಾ ಡ್ಯೂಟಿ ಮಾಡಿದವನು. ಅಲ್ಲಿ ಮಷೀನ್ ಇರಲಿಲ್ಲ. ಕಾಗದದ ಮತಪತ್ರ, ನೇರಳೆ ಬಣ್ಣದ ಸ್ಕೆಚ್ ಪೆನ್. ಹೆಸರುಗಳ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೀಬೇಕು. ಡಿಗ್ರಿ ತಗೊಂಡವರೇ ಟಿಕ್ ಹಾಕಿ, ಕೆಳಗೆ ಸಹಿ ಬೇರೆ ಮಾಡಿ ಅಸಿಂಧು ಮಾಡಿಕೊಳ್ತಿದ್ದರು, ಅದು ಬಿಡಿ.

ನಿಮ್ಮ 79 ಚೀಟಿಯನ್ನ ಹಾಗೆ ಎಣಿಸಿದ್ದರೆ ಗೆಲ್ಲೋಕೆ ಅರ್ಧಕ್ಕಿಂತ ಜಾಸ್ತಿ, ಅಂದರೆ 40 ಬೇಕಿತ್ತು. ಯಾರಿಗೂ ಬಂದಿಲ್ಲ, ಹಾಗಾಗಿ 19ರವರು ಹೊರಗೆ. ಅವರ ಕಟ್ಟು ಬಿಚ್ಚಿ, ಪ್ರತಿ ಚೀಟೀಲಿ 2 ಯಾರ ಮುಂದಿದೆ ಅಂತ ನೋಡಿ ಅವರಿಗೆ ಸೇರಿಸ್ತೀವಿ. 27ರವರಿಗೆ ಇನ್ನು 13 ಸಿಕ್ಕರೆ ಸಾಕು. ಕಮಾನಿನವರಿಗೆ 7 ಸಿಕ್ಕರೆ ಅವರೇ, ಆಗ ನೀವು ತೆಪ್ಪಗಿರಬೇಕು. 2 ಬರೆಯದೇ ಬಿಟ್ಟ ಚೀಟಿ ಅಲ್ಲಿಗೇ ಮುಗೀತು. ಎಣಿಕೆ ಮಾತ್ರ ಜೀವ ತಿನ್ನುತ್ತೆ, ನಾವು ಮನೆ ಸೇರುವಾಗ ಹಾಲಿನವನು ಬರ್ತಿದ್ದ.

ಗಾಂಧಿಬಜಾರ್ ಕಾಫಿ:
ಮೇಷ್ಟ್ರೇ, 19 ಜನರೂ ನೀರಿಗೇ ವೋಟು ಹಾಕಿದ್ದು ಅಂತ ಹೇಗೆ ಹೇಳೋದು? ಅರ್ಧ ಜನ ಪಕ್ಕದ ಮನೆಯವರು ಅಂತ ಹಾಕಿರ್ತಾರೆ.

ಮೂರನೇ ಮಹಡಿ:
ಅದೂ ನಿಜ. ನಮ್ಮಮ್ಮನೇ ಆ 19ರಲ್ಲಿ ಒಬ್ಬರು. ಎರಡನೇದು ಯಾರಿಗೆ ಹಾಕ್ತಿದ್ರಿ ಅಂತ ಈಗಷ್ಟೇ ಕೇಳಿದೆ. "ಕಮಾನಿಗೆ ಕಣೋ, ಚೆನ್ನಾಗಿರುತ್ತೆ" ಅಂದರು. ಟ್ಯಾಂಕರ್‌ಗೆ ಫೋನ್ ಮಾಡೋದು ನಾನು ತಾನೇ! ಆದರೂ ಮುಂದಿನ ಸಭೇಲಿ ಪ್ರಾಶಸ್ತ್ಯದ ಮತ ತರೋಣ ಅಂತ ಸೆಕ್ರೆಟರಿಗೆ ಬರೆದಿದ್ದೀನಿ. ಒಂದೇ ಸಾಲಿನ ಉತ್ತರ ಬಂತು: "ಸ್ಕೆಚ್ ಪೆನ್ ಖರ್ಚು ನಿಮ್ಮದು."