ಕನ್ನಡದಲ್ಲೊಂದು ಕಂಬಳದ ಗೇಮ್: ಉಚಿತ ಎಂಜಿನ್‌ಗಳು ಎಷ್ಟರ ಮಟ್ಟಿಗೆ ಸಾಕು?

ಪ್ರಶ್ನೆ (ಉಡುಪಿಯ ಸದಸ್ಯರೊಬ್ಬರಿಂದ):

ಮೇಡಂ, ನಮಸ್ಕಾರ. ನಾನು ಬಿಸಿಎ ಮುಗಿಸಿ ಉಡುಪಿಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದೇನೆ. ಚಿತ್ರಕಲೆ ಕಲಿತ ತಂಗಿಯೊಂದಿಗೆ ಸೇರಿ, ಬಿಡುವಿನ ವೇಳೆಯಲ್ಲಿ ಕಂಬಳದ ಕುರಿತು ಎರಡು ಆಯಾಮದ ಮೊಬೈಲ್ ಗೇಮ್ ಒಂದನ್ನು ಮಾಡಬೇಕೆಂದಿದ್ದೇನೆ. ಅದರಲ್ಲಿ ಬರುವ ಬರಹವೆಲ್ಲ ಕನ್ನಡದಲ್ಲಿಯೇ ಇರಬೇಕೆಂಬುದು ನಮ್ಮಿಬ್ಬರ ಹಟ. ನಮ್ಮಲ್ಲಿರುವುದು 8 ಜಿಬಿ ರ‍್ಯಾಮ್‌ನ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್. ಯೂನಿಟಿ, ಅನ್ರಿಯಲ್, ಗೊಡೊ ಮುಂತಾದ ಎಂಜಿನ್‌ಗಳು (ಗೇಮ್ ಕಟ್ಟುವ ತಂತ್ರಾಂಶಗಳು) ದುಡ್ಡಿಲ್ಲದೆ ಸಿಗುತ್ತವೆ ಎನ್ನುವುದೇ ನನಗೆ ಅನುಮಾನ ಹುಟ್ಟಿಸಿದೆ. ಪೂರ್ಣಪ್ರಮಾಣದ ಗೇಮ್ ಮಾಡುವ ಸಾಮರ್ಥ್ಯ ಇವಕ್ಕಿದೆಯೇ, ಅಥವಾ ಅರ್ಧ ದಾರಿಯಲ್ಲಿ ಕೈಕೊಡುತ್ತವೆಯೇ?

ಉತ್ತರ (ಮಂಗಳೂರಿನ ಗೇಮ್ ಪ್ರೋಗ್ರಾಮರ್):

ಸಾಮರ್ಥ್ಯದ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. 2015ರಲ್ಲಿ ಬಂದ ಅಂಡರ್‌ಟೇಲ್ ಎಂಬ ಗೇಮನ್ನು ಟೋಬಿ ಫಾಕ್ಸ್ ಹೆಚ್ಚುಕಡಿಮೆ ಒಬ್ಬರೇ ಗೇಮ್‌ಮೇಕರ್ ಎಂಬ ಎಂಜಿನ್‌ನಲ್ಲಿ ಕಟ್ಟಿದರು. 2017ರ ಹಾಲೋ ನೈಟ್ ಆಸ್ಟ್ರೇಲಿಯಾದ ಒಂದು ಪುಟ್ಟ ತಂಡ ಯೂನಿಟಿಯಲ್ಲಿ ಮಾಡಿದ್ದು. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ರಾಜಿ ಎಂಬ ಗೇಮಿಗೆ ಅನ್ರಿಯಲ್ ಆಧಾರವಾಗಿತ್ತು. 2024ರಲ್ಲಿ ಜಗತ್ತೆಲ್ಲ ಆಡಿದ ಬಲಾಟ್ರೋಗಂತೂ ಇಷ್ಟು ದೊಡ್ಡ ಎಂಜಿನ್ ಕೂಡ ಬೇಕಾಗಲಿಲ್ಲ. ಲವ್ ಎಂಬ ಸಣ್ಣ ಚೌಕಟ್ಟಿನಲ್ಲಿ, ಲುವಾ ಭಾಷೆಯಲ್ಲಿ, ಒಬ್ಬರೇ ಅದನ್ನು ಬರೆದರು. ನೀವು ಹೇಳುವ ಗಾತ್ರದ ಗೇಮಿನಲ್ಲಿ ಎಂಜಿನ್ ಎಡವಬಹುದಾದ ಜಾಗ ಎರಡೇ: ಒಂದು ಕನ್ನಡ ಅಕ್ಷರ, ಇನ್ನೊಂದು ನಿಮ್ಮ ಲ್ಯಾಪ್‌ಟಾಪ್.

ಕನ್ನಡದ ವಿಚಾರವನ್ನು ಹೆಚ್ಚಿನ ವಿಡಿಯೊ ಪಾಠಗಳು ಮುಟ್ಟುವುದೇ ಇಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಂಪ್ಯೂಟರ್‌ಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ಅದನ್ನು ಅರ್ಧಾಕ್ಷರವಾಗಿಸುವ ‘್’ ಚಿಹ್ನೆ, ಮತ್ತೊಂದು ವ್ಯಂಜನ ಎಂದು ಸಾಲಾಗಿ ಬರುವ ಸಂಕೇತಗಳನ್ನು ನೋಡಿ, ಫಾಂಟ್‌ನೊಳಗಿನ ನಿಯಮಗಳ ಪ್ರಕಾರ ಅವನ್ನು ಒಂದು ಆಕಾರಕ್ಕೆ ತರುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕಾಗುತ್ತದೆ. ಹಾರ್ಫ್‌ಬಝ್ ಎಂಬುದು ಅಂಥ ಮುಕ್ತ ತಂತ್ರಾಂಶ. ಯೂನಿಟಿಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಬರಹ ಮೂಡಿಸುವ ಸಾಧನ ಈ ಜೋಡಣೆಯನ್ನು ಮಾಡುವುದಿಲ್ಲ, ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಚಿತ್ರಿಸುತ್ತದೆ. ಹೀಗಾಗಿ ಕಂಬಳದ ಒಂದು ವಿಭಾಗದ ಹೆಸರಾದ ‘ಅಡ್ಡಹಲಗೆ’ ಅದರಲ್ಲಿ ‘ಅಡ್‌ಡಹಲಗೆ’ ಎಂದಾಗುತ್ತದೆ, ಕೊನೆಯ ಎತ್ವವೂ ತನ್ನ ಜಾಗದಲ್ಲಿ ಕೂರುವುದಿಲ್ಲ. ಬರಹವನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ರೂಪಕ್ಕೆ (ಯೂನಿಕೋಡ್ ಅಲ್ಲದ ಹಳೆಯ ಸಂಕೇತಗಳಿಗೆ) ಪರಿವರ್ತಿಸಿ, ಅದಕ್ಕೆ ಹೊಂದುವ ಫಾಂಟ್ ಹಾಕಿ ಸುಧಾರಿಸಿಕೊಳ್ಳುವ ಉಪಾಯವಿದೆ. ಆದರೆ ಆಟಗಾರರು ತಾವೇ ಹೆಸರು ಟೈಪ್ ಮಾಡುವ ಕಡೆಯಲ್ಲಿ ಅದು ತಲೆನೋವಾಗುತ್ತದೆ. ಯೂನಿಟಿ 6ರ ಯುಐ ಟೂಲ್‌ಕಿಟ್‌ನಲ್ಲಿ (ಪರದೆಯ ಮೇಲಿನ ಬರಹ, ಗುಂಡಿಗಳನ್ನು ಜೋಡಿಸುವ ಸಾಧನ) ಹಾರ್ಫ್‌ಬಝ್ ಆಧರಿಸಿದ ಹೊಸ ಪಠ್ಯ ವ್ಯವಸ್ಥೆ ಬಂದಿದೆ ಎಂಬುದನ್ನೂ ಹೇಳಬೇಕು. ಹಳೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಗೊಡೊ ಈ ಕೆಲಸವನ್ನು 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಿಂದಲೇ ತಾನಾಗಿ ಮಾಡುತ್ತಿದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಸೇರಿಸಿದರೆ ಸಾಕು. ಗೊಡೊ 3ರ ಕಾಲದ ಪಾಠಗಳನ್ನು ಮಾತ್ರ ಅನುಸರಿಸಬೇಡಿ, ಅದರಲ್ಲಿ ಈ ಸೌಲಭ್ಯ ಇರಲಿಲ್ಲ.

ಲ್ಯಾಪ್‌ಟಾಪ್ ವಿಷಯ ಚಿಕ್ಕದು. ಅನ್ರಿಯಲ್ 5ಕ್ಕೆ ಅದರ ತಯಾರಕರೇ 32 ಜಿಬಿ ರ‍್ಯಾಮ್ ಶಿಫಾರಸು ಮಾಡುವುದರಿಂದ ಅದನ್ನು ಬಿಟ್ಟುಬಿಡಿ. ಗೊಡೊದ ಕಂಪ್ಯಾಟಿಬಿಲಿಟಿ ಎಂಬ ರೆಂಡರರ್ (ಚಿತ್ರ ಮೂಡಿಸುವ ಭಾಗ) ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ನಡೆಯುವುದರಿಂದ ನಿಮ್ಮ ಲ್ಯಾಪ್‌ಟಾಪಿನಲ್ಲೂ, ಹಳೆಯ ಫೋನ್‌ಗಳಲ್ಲೂ ಒಗ್ಗುತ್ತದೆ. ಆಂಡ್ರಾಯ್ಡ್‌ಗೆ ಎಕ್ಸ್‌ಪೋರ್ಟ್ ಮಾಡಲು ಜಾವಾ ಕಿಟ್, ಆಂಡ್ರಾಯ್ಡ್ ಎಸ್‌ಡಿಕೆ (ಆ್ಯಪ್ ಕಟ್ಟುವ ಸಾಮಗ್ರಿ) ಬೇರೆಯಾಗಿ ಬೇಕಾಗುತ್ತದೆ. ಡಿಸ್ಕಿನಲ್ಲಿ ಜಾಗ ಇಟ್ಟುಕೊಳ್ಳಿ. ಒಟ್ಟಿನಲ್ಲಿ ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಗೊಡೊವನ್ನೇ ಆರಿಸುತ್ತಿದ್ದೆ.

ಮರುಪ್ರಶ್ನೆ (ಅದೇ ಸದಸ್ಯರು):

ಧನ್ಯವಾದ ಮೇಡಂ. ಓಟಕ್ಕೆ ಸಮಯ ಅಳೆಯುವುದು, ಕನೆಹಲಗೆ ವಿಭಾಗದಲ್ಲಿ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ಚಿಮ್ಮುವುದು ಇವೆಲ್ಲ ಎಂಜಿನ್‌ನಲ್ಲಿ ಸಿದ್ಧವಾಗಿ ಇರುತ್ತವೆಯೇ?

ಉತ್ತರ:

ಸಾಮಗ್ರಿ ಇರುತ್ತದೆ, ಕಂಬಳ ಇರುವುದಿಲ್ಲ. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ತೀರ್ಪು ಸೆಕೆಂಡಿನ ನೂರರ ಒಂದು ಭಾಗದ ಲೆಕ್ಕದಲ್ಲಿ ಬರುತ್ತದೆಯಲ್ಲವೇ? ಗೊಡೊದ ಭೌತಿಕ ಲೆಕ್ಕಾಚಾರ ತಾನಾಗಿ ನಡೆಯುವುದು ಸೆಕೆಂಡಿಗೆ 60 ಬಾರಿ, ಅಂದರೆ ಒಂದು ಹೆಜ್ಜೆಗೆ ಸುಮಾರು 0.0167 ಸೆಕೆಂಡ್. ಕೋಣಗಳು ಗೆರೆ ದಾಟಿದ್ದನ್ನು ಆಯಾ ಹೆಜ್ಜೆಯ ಕೊನೆಯಲ್ಲಷ್ಟೇ ಗಮನಿಸಿದರೆ, ನಿಜಕ್ಕೂ ಹಿಂದುಮುಂದಾದ ಎರಡು ಜೋಡಿಗಳ ಸಮಯ ಒಂದೇ ಆಗಿಬಿಡಬಹುದು. ಹಿಂದಿನ ಹೆಜ್ಜೆಯಲ್ಲಿ ಗೆರೆಗೆ ಎಷ್ಟು ದೂರವಿತ್ತು, ಈ ಹೆಜ್ಜೆಯಲ್ಲಿ ಎಷ್ಟು ಆಚೆ ಹೋಯಿತು ಎಂಬ ಅನುಪಾತ ಹಿಡಿದು ನಡುವಿನ ಕ್ಷಣವನ್ನು ನೀವೇ ಲೆಕ್ಕ ಹಾಕಬೇಕು. ನಾಲ್ಕೈದು ಸಾಲಿನ ಕೋಡ್ ಅದು, ಆದರೆ ಯಾವ ಎಂಜಿನ್ ಕೂಡ ಅದನ್ನು ತಾನಾಗಿ ಬರೆದುಕೊಡುವುದಿಲ್ಲ. ಹಾಗೆಯೇ ಕೋಣಗಳ ಚಲನೆಯನ್ನು ಫ್ರೇಮ್‌ಗೆ (ಪರದೆಯಲ್ಲಿ ಮೂಡುವ ಒಂದೊಂದು ಚಿತ್ರಕ್ಕೆ) ಇಷ್ಟು ದೂರ ಎಂದು ಬರೆದರೆ, ಅಗ್ಗದ ಫೋನಿನಲ್ಲಿ ಫ್ರೇಮ್ ದರ ಇಳಿದ ಕೂಡಲೇ ಕೋಣಗಳೂ ನಿಧಾನವಾಗುತ್ತವೆ. ಕಳೆದ ಸಮಯದಿಂದ ಗುಣಿಸಿಯೇ ದೂರವನ್ನು ನಿರ್ಧರಿಸಬೇಕು.

ಕನೆಹಲಗೆಯದು ಇನ್ನೂ ಸ್ವಾರಸ್ಯಕರ. ಹಲಗೆಯ ತೂತುಗಳಿಂದ ಮೇಲೇಳುವ ನೀರನ್ನು ತೋರಿಸಲು ಪಾರ್ಟಿಕಲ್ ವ್ಯವಸ್ಥೆ (ಸಣ್ಣ ಕಣಗಳನ್ನು ಚಿಮ್ಮಿಸುವ ಸೌಲಭ್ಯ) ಧಾರಾಳವಾಗಿ ಸಾಕು, ಸಾವಿರಾರು ಹನಿಗಳನ್ನು ಗ್ರಾಫಿಕ್ಸ್ ಚಿಪ್ ಸುಲಭವಾಗಿ ನಿಭಾಯಿಸುತ್ತದೆ. ಆದರೆ ಆ ಹನಿಗಳಲ್ಲಿ ಯಾವುದು ನಿಶಾನೆಯ ಬಟ್ಟೆಗೆ ತಗುಲಿತೆಂದು ಚಿಪ್‌ನಿಂದ ಮರಳಿ ಕೇಳಿ ತಿಳಿಯುವುದು ದುಬಾರಿ ಕೆಲಸ. ಆದ್ದರಿಂದ ವೇಗವನ್ನೂ ಹಲಗೆಯ ಮೇಲೆ ನಿಂತವನ ಸಮತೋಲವನ್ನೂ ಸೇರಿಸಿ ಎತ್ತರವನ್ನು ಮೊದಲೇ ಒಂದು ಸಂಖ್ಯೆಯಾಗಿ ತೀರ್ಮಾನಿಸಿ, ಹನಿಗಳು ಅದಕ್ಕೆ ತಕ್ಕಂತೆ ಚಿಮ್ಮುವಂತೆ ಮಾಡಿ. ನೋಡುವವರಿಗೆ ನೀರೇ ತೀರ್ಪು ಕೊಟ್ಟಂತೆ ಕಾಣುತ್ತದೆ. ಯಕ್ಷಗಾನದ ವೇಷದಂತೆ ಹೊರಗೆ ಎಷ್ಟು ವೈಭವವಿದ್ದರೂ ತಾಳ ಹಿಡಿಯುವ ಭಾಗವತರು ಬೇರೆ ಇರುತ್ತಾರೆ. ಆ ತಾಳ ನಿಮ್ಮ ಕೋಡ್‌ನಲ್ಲಿರಬೇಕು.

ಮಂಗಳೂರಿನ ಮತ್ತೊಬ್ಬ ಸದಸ್ಯರ ಆಕ್ಷೇಪ:

ಮೇಡಂ, ನಿಮ್ಮ ಸಲಹೆಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ನಾಳೆ ಇದೇ ಕ್ಷೇತ್ರದಲ್ಲಿ ಕೆಲಸ ಹುಡುಕುವುದಾದರೆ ಕಂಪನಿಗಳು ಕೇಳುವುದು ಯೂನಿಟಿ ಮತ್ತು ಅನ್ರಿಯಲ್ ಅನುಭವವನ್ನೇ. ಪರವಾನಗಿಯ ಭಯವೂ ಅತಿಯಾಯಿತು.

ಉತ್ತರ:

ಕೆಲಸದ ಮಾತನ್ನು ಒಪ್ಪುತ್ತೇನೆ; ಉದ್ಯೋಗವೇ ಗುರಿಯಾದರೆ ಯೂನಿಟಿ ಮತ್ತು ಅದರಲ್ಲಿ ಬಳಸುವ ಸಿ-ಶಾರ್ಪ್ ಭಾಷೆ ಕಲಿಯುವುದು ಲೇಸು. ಪರವಾನಗಿಯ ಬಗ್ಗೆ ನಾನು ಏನೂ ಹೇಳಿರಲಿಲ್ಲ, ನೀವೇ ಎತ್ತಿದ್ದರಿಂದ ಹೇಳುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ, ಒಂದು ಮಿತಿಯ ಆಚೆಗೆ ಗೇಮ್ ಇನ್‌ಸ್ಟಾಲ್ ಆದ ಪ್ರತಿ ಸಲವೂ ಶುಲ್ಕ ಎಂಬ ನಿಯಮವನ್ನು ಘೋಷಿಸಿತು. ಡೆವಲಪರ್‌ಗಳು ತಿರುಗಿಬಿದ್ದರು, ಒಂದು ವರ್ಷದ ಬಳಿಕ ಅದನ್ನು ಸಂಪೂರ್ಣ ಕೈಬಿಟ್ಟಿತು. ಈಗ ವಾರ್ಷಿಕ ಆದಾಯ ಮತ್ತು ಬಂಡವಾಳ 2 ಲಕ್ಷ ಡಾಲರ್ ಮೀರದವರಿಗೆ ಅದರ ಪರ್ಸನಲ್ ಆವೃತ್ತಿ ಉಚಿತ. ಅನ್ರಿಯಲ್‌ನಲ್ಲಿ ಒಂದು ಗೇಮಿನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲಷ್ಟೇ ಶೇಕಡಾ 5ರ ರಾಯಲ್ಟಿ. ಅಣ್ಣ-ತಂಗಿಯ ಕಂಬಳದ ಗೇಮ್ ಈ ಮಿತಿ ಮುಟ್ಟಿದರೆ ಶುಲ್ಕ ಕಟ್ಟಲು ಯಾರಿಗೂ ಬೇಸರವಾಗಲಾರದು! ಆದರೂ ನಿಯಮ ಬದಲಿಸುವ ಅಧಿಕಾರ ಇನ್ನೊಬ್ಬರ ಕೈಯಲ್ಲಿದೆ ಎಂಬುದು ಆ ಪ್ರಕರಣದಿಂದ ಸ್ಪಷ್ಟವಾಯಿತು. ಅರ್ಜೆಂಟೀನಾದ ಇಬ್ಬರು ಆರಂಭಿಸಿದ ಗೊಡೊ 2014ರಿಂದ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಎಂಐಟಿ ಪರವಾನಗಿಯಡಿ ಮುಕ್ತವಾಗಿದೆ. ನೀವು ಇಳಿಸಿಕೊಂಡ ಆವೃತ್ತಿಯ ಮೇಲೆ ಯಾರೂ ಹಿಂದಿನಿಂದ ಶುಲ್ಕ ಹೇರಲು ಬರುವುದಿಲ್ಲ.

ಕುಂದಾಪುರದ ಶಿಕ್ಷಕರೊಬ್ಬರ ಪ್ರಶ್ನೆ:

ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಕೋಡ್ ಬರೆಯದೆ ಕಲಿಯಲು ಏನಾದರೂ ಇದೆಯೇ? ಮುಂದೆ ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೂ ಅದೇ ನಡೆಯುತ್ತದೆಯೇ?

ಉತ್ತರ:

ಸರ್, ಮಕ್ಕಳಿಗೆ ಜಿಡೆವಲಪ್ ನೋಡಿ. ಮುಕ್ತ ತಂತ್ರಾಂಶ, ಬ್ರೌಸರ್‌ನಲ್ಲಿಯೇ ನಡೆಯುತ್ತದೆ. ಸ್ವಲ್ಪ ಸ್ಕ್ರಿಪ್ಟ್ ಬರೆಯಬೇಕಾದರೂ, ಕಥೆ ಹೇಳುವ ಗೇಮ್‌ಗಳಿಗೆ ರೆನ್‌ಪೈ ಎಂಬ ಎಂಜಿನ್ ಚೆನ್ನಾಗಿದೆ. ಕನ್ಸೋಲ್‌ಗಳ ಅಭಿವೃದ್ಧಿ ಸಾಮಗ್ರಿ ಗೋಪ್ಯ ಒಪ್ಪಂದದಡಿ ಇರುವುದರಿಂದ ಮುಕ್ತ ಎಂಜಿನ್‌ಗಳು ಅದನ್ನು ತಮ್ಮೊಳಗೆ ಸೇರಿಸಲಾರವು. ಗೊಡೊ ಬಳಸುವವರೂ ಆ ಹಂತದಲ್ಲಿ ಬೇರೆ ಕಂಪನಿಗಳ ನೆರವು ಪಡೆಯುತ್ತಾರೆ.

ಕೊನೆಯ ಪ್ರಶ್ನೆ (ಉಡುಪಿಯ ಸದಸ್ಯರು):

ಗೊಡೊ ಇಳಿಸಿಕೊಂಡೆ ಮೇಡಂ, ‘ಅಡ್ಡಹಲಗೆ’ ಸರಿಯಾಗಿಯೇ ಮೂಡಿತು. ಪ್ಲೇ ಸ್ಟೋರ್‌ಗೆ ಹಾಕುವಾಗ ಏನಾದರೂ ತೊಡಕಿದೆಯೇ?

ಉತ್ತರ:

ನೋಂದಣಿಗೆ ಒಮ್ಮೆ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುಗಡೆ ಮಾಡುವ ಮುನ್ನ ಕನಿಷ್ಠ 12 ಮಂದಿ ಸತತ 14 ದಿನ ನಿಮ್ಮ ಮುಚ್ಚಿದ ಪರೀಕ್ಷೆಯಲ್ಲಿ (ಆಯ್ದ ಕೆಲವರಿಗಷ್ಟೇ ಗೇಮ್ ಕೊಟ್ಟು ನೋಡುವ ಹಂತದಲ್ಲಿ) ಸೇರಿರಬೇಕು. ಹನ್ನೆರಡು ಮಂದಿಯನ್ನು ಈಗಲೇ ಗುರುತಿಸಿಕೊಳ್ಳಿ. ಅವರಲ್ಲಿ ನಾಲ್ಕೈದು ಜನರ ಬಳಿಯಾದರೂ ಹಳೆಯ, ಅಗ್ಗದ ಫೋನ್ ಇರಲಿ, ಒಬ್ಬಿಬ್ಬರು ಕಂಬಳದ ಕರೆಗೆ (ಓಟದ ಗದ್ದೆಗೆ) ಇಳಿದು ಕೋಣ ಓಡಿಸಿದವರಾಗಿರಲಿ.