ಅರಬ್ಬಿ ಸಮುದ್ರದಡಿ ಫಾಲ್ಟ್ ಇದೆಯಂತೆ, ಬೋಟ್‌ನವ್ರು ಏನ್ ಮಾಡ್ಬೇಕು?

ಪ್ರಶ್ನೆ (ಮಲ್ಪೆಯಿಂದ): ಮೇಡಂ ನಮಸ್ತೆ, ನಮ್ಮಣ್ಣ ಆಳಸಮುದ್ರ ಬೋಟಲ್ಲಿ ತಂಡೇಲ, ಅಂದ್ರೆ ಬೋಟ್ ನಡೆಸೋನು, ಹೋದ್ರೆ ಎಂಟತ್ತು ದಿನ ಬರಲ್ಲ. ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಪಾಕಿಸ್ತಾನದ ಹತ್ರ ಸಮುದ್ರದಡಿ ಮಕ್ರಾನ್ ಅಂತ ದೊಡ್ಡ ಫಾಲ್ಟ್ ಇದೆ, ಈ ತಿಂಗಳು ಅದು ಜಾರತ್ತೆ, ಸುನಾಮಿ ಅಂತ ಸುದ್ದಿ ಬಂದ ಕೂಡ್ಲೆ ಎಲ್ಲಾ ಬೋಟು ದಡ ಸೇರ್ಬೇಕು ಅಂತ. ಅಮ್ಮ ಅದನ್ನ ಓದಿ ರಾತ್ರಿ ನಿದ್ದೆ ಮಾಡ್ತಿಲ್ಲ. ಎಷ್ಟು ನಿಜ?

ಉತ್ತರ (ಸಾಗರ ಭೂವಿಜ್ಞಾನಿ): ಫಾಲ್ಟ್, ಅಂದ್ರೆ ನೆಲದಡಿಯ ಬಂಡೆಗಳು ಜಾರೋ ಬಿರುಕು, ಇರೋದು ನಿಜ. ಈ ತಿಂಗಳು ಅನ್ನೋದು ಸುಳ್ಳು, ಭೂಕಂಪದ ತಾರೀಖು ಮೊದಲೇ ಹೇಳೋ ವಿದ್ಯೆ ಯಾರ ಹತ್ರನೂ ಇಲ್ಲ. ಆದ್ರೆ ನಂಗೆ ಭಯ ಆಗಿದ್ದು ಆ "ಬೋಟು ದಡ ಸೇರ್ಬೇಕು" ಅನ್ನೋ ಮಾತಿಗೆ, ಅದನ್ನ ನಂಬಿ ಯಾರಾದ್ರೂ ಹೊರಟ್ರೆ ಜೀವಕ್ಕೇ ಅಪಾಯ.

ಮಕ್ರಾನ್ ಅಂದ್ರೆ ಇರಾನ್ ಮತ್ತೆ ಪಾಕಿಸ್ತಾನದ ದಕ್ಷಿಣ ಕರಾವಳಿ, ಅಲ್ಲಿ ಅರೇಬಿಯನ್ ಪ್ಲೇಟು (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ಯುರೇಷಿಯಾ ಪ್ಲೇಟಿನ ಅಡಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಲೆಕ್ಕದಲ್ಲಿ ನುಗ್ಗತಾ ಇದೆ, ನುಗ್ಗೋ ಜಾಗ ಸಿಕ್ಕಿಹಾಕ್ಕೊಂಡು ಎಷ್ಟೋ ವರ್ಷ ಹಾಗೇ ಇರತ್ತೆ, ಒಂದಿನ ಒಟ್ಟಿಗೆ ಬಿಟ್ಕೊಳ್ಳತ್ತೆ. ಆಗ ಸಮುದ್ರದ ತಳವೇ ಮೇಲೇಳೋದ್ರಿಂದ ಅದರ ಮೇಲಿನ ಅಷ್ಟೂ ನೀರು ಏಳತ್ತೆ. 1945ರ ನವೆಂಬರ್ 28ರ ನಸುಕಲ್ಲಿ ಆಗಿದ್ದು ಅದೇ, 8.1 ತೀವ್ರತೆ. ನಮ್ಮ ಟೈಮ್ ಪ್ರಕಾರ ಸುಮಾರು ಮೂರೂವರೆಗೆ ಕಂಪನ, ಮುಂಬೈಗೆ ಅಲೆ ಮುಟ್ಟಿದ್ದು ಬೆಳಿಗ್ಗೆ ಎಂಟೂಕಾಲಿಗೆ, ಎತ್ತರ ಸುಮಾರು ಎರಡು ಮೀಟರ್. ಕಾರವಾರದವರೆಗೂ ಬಂದ ದಾಖಲೆ ಇದೆ. ಹಾಗಾಗಿ ಅಮ್ಮನ ಹೆದರಿಕೆ ಸುಮ್ನೆ ಅಲ್ಲ, ಆದ್ರೆ ನಮಗೆ ನಾಲ್ಕೈದು ಗಂಟೆ ಟೈಮ್ ಸಿಗತ್ತೆ ಅನ್ನೋದನ್ನೂ ಹೇಳಿ.

ಈಗ ಅಣ್ಣನ ವಿಷಯ. ಆಳದಲ್ಲಿ ಸುನಾಮಿ ವಿಮಾನದ ವೇಗದಲ್ಲಿ ಓಡತ್ತೆ, ನಾಲ್ಕು ಸಾವಿರ ಮೀಟರ್ ನೀರಲ್ಲಿ ಗಂಟೆಗೆ 700 ಕಿಲೋಮೀಟರ್, ಆದ್ರೆ ಎತ್ತರ ತೀರಾ ಕಮ್ಮಿ. 2004ರಲ್ಲಿ ಸುಮಾತ್ರಾ ಸುನಾಮಿ ಹೊರಟು ಎರಡು ಗಂಟೆ ಆದ್ಮೇಲೆ ಬಂಗಾಳ ಕೊಲ್ಲಿ ಮೇಲೆ ಹಾದ ಒಂದು ಉಪಗ್ರಹ ಅಳೆದಾಗ ಸಿಕ್ಕಿದ್ದು ಬರೀ 60 ಸೆಂಟಿಮೀಟರ್, ಅದೂ ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿದ ಅಲೆ, ಬೋಟಲ್ಲಿ ಇರೋರಿಗೆ ಗೊತ್ತೇ ಆಗಲ್ಲ. ಆಳ ಕಮ್ಮಿ ಆಗ್ತಾ ಬಂದಂಗೆ ವೇಗ ಇಳಿದು ಎತ್ತರ ಏರತ್ತೆ. ಬಂದರಿನೊಳಗೆ ಇನ್ನೂ ಕಷ್ಟ, ಅಲ್ಲಿ ಎತ್ತರಕ್ಕಿಂತ ಸೆಳೆತ ಕೆಡುಕು. ಅದೇ 2004ರಲ್ಲಿ ಒಮಾನಿನ ಸಲಾಲಾ ಬಂದರಲ್ಲಿ 285 ಮೀಟರ್ ಉದ್ದದ ಕಂಟೇನರ್ ಹಡಗು ಕಟ್ಟಿದ ಹಗ್ಗ ಕಿತ್ಕೊಂಡು ಗಂಟೆಗಟ್ಟಲೆ ತೇಲಾಡಿ ಮರಳುದಿಬ್ಬಕ್ಕೆ ಹೋಗಿ ನಿಂತಿತ್ತು. ಅಂಥಾ ಹಡಗಿನ ಗತಿಯೇ ಹೀಗಾದ್ರೆ ನಮ್ಮ ಟ್ರಾಲರ್ ಅಳಿವೆ ಬಾಗಿಲಲ್ಲಿ ಸಿಕ್ಕಿದ್ರೆ?

ಅದಕ್ಕೇ ಹೇಳೋದು, ಎಚ್ಚರಿಕೆ ಬಂದಾಗ ಅಣ್ಣ 100 ಮೀಟರಿಗಿಂತ ಹೆಚ್ಚು ಆಳದಲ್ಲಿದ್ರೆ ಅಲ್ಲೇ ಇರಲಿ, ಅಧಿಕೃತವಾಗಿ ಎಲ್ಲಾ ಮುಗೀತು ಅಂತ ಹೇಳೋವರೆಗೆ ದಡದ ಕಡೆ ತಿರುಗಬಾರದು.

ಪ್ರಶ್ನೆ (ಅದೇ ಮಲ್ಪೆಯವರು): ಹಾಗಾದ್ರೆ ಧಕ್ಕೆಯಲ್ಲಿ ನಿಂತಿರೋ ಬೋಟುಗಳನ್ನೂ ಆಳಕ್ಕೆ ತಗೊಂಡು ಹೋಗೋದು ಒಳ್ಳೇದಲ್ವಾ?

ಉತ್ತರ: ಬೇಡ. ನಮ್ಮ ಕಡೆ ತಳ ನಿಧಾನಕ್ಕೆ ಇಳಿಯತ್ತೆ, 100 ಮೀಟರ್ ನೀರು ಸಿಗೋಕೆ ಹತ್ತಾರು ಕಿಲೋಮೀಟರ್ ಹೋಗ್ಬೇಕು, ಟ್ರಾಲರ್ ಗಂಟೆಗೆ 15 ಕಿಲೋಮೀಟರ್ ಓಡಿದ್ರೂ ಡೀಸೆಲ್ ತುಂಬಿ ಜನ ಸೇರಿಸಿ ನೂರಾರು ಬೋಟು ಒಂದೇ ಅಳಿವೆಯಿಂದ ಹೊರಡೋ ಹೊತ್ತಿಗೆ ಟೈಮ್ ಮುಗಿದಿರತ್ತೆ. ಬೋಟಿನ ಸಾಲ ಎಷ್ಟು ಅಂತ ನಂಗೂ ಗೊತ್ತು, ಆದ್ರೂ ಬಿಟ್ಟು ಎತ್ತರದ ಜಾಗಕ್ಕೆ ಹೋಗಿ. ಮೊದಲ ಅಲೆ ಚಿಕ್ಕದಿತ್ತು ಅಂತ ಹಗ್ಗ ನೋಡೋಕೆ ವಾಪಸ್ ಇಳೀಬೇಡಿ. 1945ರಲ್ಲಿ ಕರಾಚಿಗೆ ಐದೂವರೆಗೆ ಮೊದಲ ಅಲೆ ಬಂತು, ಎಲ್ಲಕ್ಕಿಂತ ದೊಡ್ಡದು ಬಂದಿದ್ದು ಎಂಟೂಕಾಲಿಗೆ.

ಪ್ರಶ್ನೆ (ಕುಮಟಾದಿಂದ): 2012ರಲ್ಲಿ ಸುಮಾತ್ರಾ ಹತ್ರ 8.6 ಆಗಿ ಇಡೀ ದೇಶಕ್ಕೆ ಗಾಬರಿ, ಕೊನೆಗೆ ಏನೂ ಆಗ್ಲಿಲ್ಲ. ಹೀಗೇ ಆದ್ರೆ ಜನ ನಂಬ್ತಾರಾ ಮೇಡಂ?

ಉತ್ತರ: ಒಳ್ಳೇ ಪ್ರಶ್ನೆ. ಅವತ್ತು ಏಪ್ರಿಲ್ 11, ಆ ಫಾಲ್ಟುಗಳು ಅಕ್ಕಪಕ್ಕಕ್ಕೆ ಜಾರಿದ್ವು, ತಳ ಮೇಲೇಳಲಿಲ್ಲ, ಅದಕ್ಕೇ ದೊಡ್ಡ ಅಲೆ ಬರಲಿಲ್ಲ. ಬಾನಿಯ ಅಡಿಯಿಂದ ಗುದ್ದಿದ್ರೆ ನೀರು ಚಿಮ್ಮತ್ತೆ, ಪಕ್ಕಕ್ಕೆ ಸರಿಸಿದ್ರೆ ಅಷ್ಟು ಚಿಮ್ಮಲ್ಲ. ಆದ್ರೆ ಇದನ್ನೇ ನೆಚ್ಕೋಬೇಡಿ, 2018ರಲ್ಲಿ ಇಂಡೋನೇಷ್ಯಾದ ಪಾಲುವಿನಲ್ಲಿ ಜಾರಿದ್ದೂ ಪಕ್ಕಕ್ಕೇ, ತೀವ್ರತೆ 7.5, ಆದ್ರೂ ಕೊಲ್ಲಿಯ ಅಂಚಿನ ಮಣ್ಣು ನೀರೊಳಗೆ ಕುಸಿದು ನಿಮಿಷಗಳಲ್ಲಿ ಅಲೆ ಬಂತು. 1929ರಲ್ಲಿ ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸಲ್ಲೂ ಕಂಪನದಿಂದ ಸಮುದ್ರದಡಿ ಭೂಕುಸಿತ ಆಗಿ ಟೆಲಿಗ್ರಾಫ್ ಕೇಬಲ್ಲುಗಳು ಒಂದಾದ ಮೇಲೊಂದು ತುಂಡಾಗಿದ್ವು, ಸುನಾಮಿಗೆ 28 ಜನ ಸತ್ರು. ಮಕ್ರಾನಿನ ತಳದಲ್ಲೂ ಕಿಲೋಮೀಟರ್‌ಗಟ್ಟಲೆ ದಪ್ಪ ಹೂಳು ಇದೆ, ಅದು ಕುಸಿಯೋ ಸಾಧ್ಯತೆಯನ್ನ ಮರೀಬಾರದು. ಎಚ್ಚರಿಕೆ ಬಂದು ಅಲೆ ಬರ್ಲಿಲ್ಲ ಅಂದ್ರೆ ಒಂದು ಮಧ್ಯಾಹ್ನ ಹೋಗತ್ತೆ ಅಷ್ಟೇ.

ಪ್ರಶ್ನೆ (ಭಟ್ಕಳದಿಂದ): ಚಿಕ್ಕಪ್ಪನ ಮಗ ಮಸ್ಕತ್‌ನಲ್ಲಿ ಸಮುದ್ರದ ಪಕ್ಕದಲ್ಲೇ ರೂಮ್ ಮಾಡಿದಾನೆ, ಅವನಿಗೂ ನಾಲ್ಕೈದು ಗಂಟೆ ಸಿಗತ್ತಾ?

ಉತ್ತರ: ಇಲ್ಲ, ಅವರು ಮಕ್ರಾನಿನ ಎದುರಿಗೇ ಇದಾರೆ, ಅಲ್ಲಿ ನಿಮಿಷಗಳ ಲೆಕ್ಕ. ದಡದಲ್ಲಿ ಇರೋವಾಗ ಅರ್ಧ ನಿಮಿಷಕ್ಕಿಂತ ಜಾಸ್ತಿ ನೆಲ ಜೋರಾಗಿ ಅಲುಗಾಡಿದ್ರೆ ಅಥವಾ ನೀರು ಇದ್ದಕ್ಕಿದ್ದಂಗೆ ಹಿಂದೆ ಸರಿದ್ರೆ ಫೋನ್ ನೋಡ್ತಾ ನಿಲ್ಲದೆ ನಡ್ಕೊಂಡೇ ಎತ್ತರಕ್ಕೆ ಹೋಗೋಕೆ ಹೇಳಿ, ಕಾರು ತೆಗೆದ್ರೆ ಟ್ರಾಫಿಕ್ಕಲ್ಲಿ ಸಿಕ್ಕಿಬೀಳ್ತಾರೆ. ನಮ್ಮ ಕರಾವಳಿಯಲ್ಲಿ ಕಂಪನ ಗೊತ್ತಾಗದೇ ಇರಬಹುದು, ಹಾಗಾಗಿ ನಾವು ಕಾಯ್ಬೇಕಾದ್ದು ಹೈದರಾಬಾದಿನ ಇನ್‌ಕಾಯಿಸ್ ಕೇಂದ್ರದ ಸೂಚನೆಗೆ, 2007ರಿಂದ ಅಲ್ಲಿ ಹಗಲು ರಾತ್ರಿ ಸುನಾಮಿ ಡ್ಯೂಟಿ ಇದೆ. ಮಲ್ಪೆಯವರೇ, ಅಣ್ಣ ಮುಂದಿನ ಸಲ ಹೊರಡೋ ಮುಂಚೆ ವೈರ್‌ಲೆಸ್ ಸೆಟ್ಟು ಸರಿಯಾಗಿ ಕೆಲಸ ಮಾಡ್ತಿದ್ಯಾ ನೋಡ್ಕೊಳ್ಳಲಿ, ಮೊಬೈಲ್ ಸಿಗ್ನಲ್ ಅಷ್ಟು ದೂರಕ್ಕೆ ಬರಲ್ಲ.